ಸ್ಟೆಂಟ್ ಇವತ್ತೇ ಹಾಕಿಸಬೇಕಾ?

ತಂದೆಗೆ ಮೆಟ್ಟಿಲು ಹತ್ತುವಾಗ ಮಾತ್ರ ಎದೆ ಹಿಡಿಯುತ್ತೆ, ಡಾಕ್ಟರು ಇವತ್ತೇ ಸ್ಟೆಂಟ್ (ಸಣ್ಣಗಾದ ರಕ್ತನಾಳವನ್ನ ತೆರೆದಿಡೋ ಜಾಲರಿ ಕೊಳವೆ) ಅಂತಿದ್ದಾರೆ, ಇದು ದುಡ್ಡಿನಾಸೆಯಾ ಅಂತ ಕೇಳಿದ್ದೀರಿ. ಅವರ ಮನಸ್ಸಲ್ಲಿ ಏನಿದೆಯೋ ಹೇಳೋಕಾಗಲ್ಲ. ಆದರೆ ಆ 'ಇವತ್ತೇ' ಅನ್ನೋದನ್ನ ಹಾಗೇ ನುಂಗಬೇಡಿ.

ಹೃದಯಾಘಾತ ಆಗ್ತಿದ್ದರೆ ಸ್ಟೆಂಟ್ ಜೀವ ಉಳಿಸುತ್ತೆ, ಅಲ್ಲಿ ಚೌಕಾಸಿ ಬೇಡ. ಸುಮ್ಮನೆ ಕೂತಾಗಲೂ ನೋವು ಬಂದರೆ, ದಿನೇದಿನೇ ಜಾಸ್ತಿಯಾದರೆ ಅದೂ ತುರ್ತೇ. ನಡೆದಾಗ ಬಂದು ನಿಂತಾಗ ಹೋಗುವ, ತಿಂಗಳುಗಟ್ಟಲೆ ಒಂದೇ ಥರ ಇರುವ ನೋವಿನ ಕಥೆ ಬೇರೆ. 2007ರ ಕರೇಜ್, 2020ರ ಇಸ್ಕೀಮಿಯಾ ಅಧ್ಯಯನಗಳಲ್ಲಿ ಇಂಥವರಿಗೆ ಔಷಧಿ ಜೊತೆ ಸ್ಟೆಂಟ್ ಹಾಕಿದ್ದರಿಂದ ಸಾವು ಕಡಿಮೆಯಾಗಲಿಲ್ಲ, ನೋವು ಕಡಿಮೆಯಾಯ್ತು ಅಷ್ಟೆ. (ಎಡಗಡೆಯ ಮುಖ್ಯ ರಕ್ತನಾಳದಲ್ಲೇ ಬ್ಲಾಕ್ ಇದ್ದರೆ ಈ ಮಾತು ಅನ್ವಯಿಸಲ್ಲ, ಅದನ್ನ ಕೇಳಿ ತಿಳ್ಕೊಳ್ಳಿ.)

ಅಸಲಿ ಒತ್ತಡ ಬರೋದು ಆಂಜಿಯೋಗ್ರಾಂ (ಹೃದಯದ ರಕ್ತನಾಳದಲ್ಲಿ ಬ್ಲಾಕ್ ಎಲ್ಲಿದೆ ಅಂತ ಎಕ್ಸ್‌ರೇಯಲ್ಲಿ ನೋಡೋ ಪರೀಕ್ಷೆ) ಹೊತ್ತಲ್ಲಿ. ರೋಗಿ ಇನ್ನೂ ಮೇಜಿನ ಮೇಲೆ ಮಲಗಿರ್ತಾರೆ, ಮನೆಯವರನ್ನ ಒಳಗೆ ಕರೆದು ಪರದೆ ಮೇಲೆ ದಾರದಷ್ಟು ಸಣ್ಣಗಾದ ಜಾಗ ತೋರಿಸಿ ಕೈಗೆ ಪೆನ್ನು ಕೊಡ್ತಾರೆ. ಆಗ ಬೇಡ ಅನ್ನೋ ಧೈರ್ಯ ಯಾರಿಗಿರುತ್ತೆ? ಅದಕ್ಕೇ 'ಸದ್ಯಕ್ಕೆ ಆಂಜಿಯೋಗ್ರಾಂ ಮಾತ್ರ' ಅಂತ ಮೊದಲೇ ಬರೆದುಕೊಡಿ. ಆ ಪರೀಕ್ಷೆಯ ಸಿಡಿ ಇಸ್ಕೊಂಡು, ಆ ಆಸ್ಪತ್ರೆಗೆ ಸಂಬಂಧವೇ ಇಲ್ಲದ ಇನ್ನೊಬ್ಬ ಹೃದ್ರೋಗ ತಜ್ಞರಿಗೆ ತೋರಿಸಿ.