ಸಹಿ ಹಾಕುವ ಕೈ ಗಟ್ಟಿ ಇರುವಾಗಲೇ

ನೀವು ಬರೆದದ್ದರಲ್ಲಿ ನನಗೆ ಸಿಕ್ಕ ವಿವರ ಇಷ್ಟು: ಅಮೆರಿಕಕ್ಕೆ ಬಂದು ಎರಡು ವರ್ಷ, ಎಚ್‌-1ಬಿ (ಉದ್ಯೋಗದ) ವೀಸಾ. ಅಪ್ಪನಿಗೆ 71, ಅಮ್ಮನಿಗೆ 66. ಮಂಡ್ಯದಲ್ಲಿ ಸ್ವಂತ ಮನೆ, ನಾಲೆ ಬಯಲಲ್ಲಿ ಎರಡು ಎಕರೆ, ಮೈಸೂರಿನಲ್ಲಿ ಒಂದು ಸೈಟು. ಅಕ್ಕ ಕುವೆಂಪುನಗರದಲ್ಲಿದ್ದಾರೆ. ತಿಂಗಳಿಗೆ ಎಷ್ಟು ಕಳಿಸಬೇಕು, ಅವರನ್ನು ಇಲ್ಲಿಗೇ ಕರೆಸಿಕೊಳ್ಳಬಹುದಾ, ನಿಮ್ಮ ವಯಸ್ಸಾದ ಕಾಲಕ್ಕೆ ಏನು ಮಾಡಿಟ್ಟುಕೊಳ್ಳಬೇಕು ಅಂತ ಕೇಳಿದ್ದೀರಿ.

ಇದರಲ್ಲೆಲ್ಲ ಸುಲಭವಾದದ್ದು ದುಡ್ಡು. ಹೊರದೇಶದಲ್ಲಿರುವ ಮಕ್ಕಳ ಕೈ ಕಟ್ಟಿಹಾಕುವುದು ಸಹಿ. ಖಾತೆಯಲ್ಲಿ ನಲವತ್ತು ಲಕ್ಷ ಇರುತ್ತೆ, ಆದರೆ ಪಾರ್ಶ್ವವಾಯು ಹೊಡೆದು ಮಲಗಿದ ತಂದೆಯ ಠೇವಣಿ ಮುರಿಸಿ ಆಸ್ಪತ್ರೆಗೆ ಕಟ್ಟಲು ಯಾರಿಗೂ ಅಧಿಕಾರ ಇರಲ್ಲ. ಅದಕ್ಕೇ ಅಲ್ಲಿಂದಲೇ ಶುರು ಮಾಡ್ತೀನಿ.

"ಅಪ್ಪನಿಂದ ಪವರ್ ಆಫ್ ಅಟಾರ್ನಿ ಬರೆಸಿಕೊಂಡಿದ್ದೀವಿ, ಸಾಕು" ಅಂತ ತುಂಬಾ ಜನ ನಿಶ್ಚಿಂತೆಯಿಂದ ಇರ್ತಾರೆ. ಅಮೆರಿಕದಲ್ಲಿ, ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದ ಮೇಲೂ ಊರ್ಜಿತವಾಗಿರುವ ಡ್ಯೂರಬಲ್ ಪವರ್ ಆಫ್ ಅಟಾರ್ನಿ ಇದೆ. ಭಾರತದಲ್ಲಿ ಇಲ್ಲ. 1872ರ ಕರಾರು ಕಾಯಿದೆಯ 201ನೇ ಕಲಮಿನ ಪ್ರಕಾರ, ಅಧಿಕಾರ ಕೊಟ್ಟವರು ತೀರಿಕೊಂಡರೆ ಅಥವಾ ಅವರಿಗೆ ಸ್ವಸ್ಥ ಬುದ್ಧಿ ಇಲ್ಲವಾದರೆ ಆ ಅಧಿಕಾರ ಅಲ್ಲಿಗೇ ಮುಗಿಯುತ್ತೆ. ಅಂದರೆ ಮರೆವಿನ ಕಾಯಿಲೆ ಬಲಿತ ಮೇಲೆ, ಕೋಮಾಕ್ಕೆ ಹೋದ ಮೇಲೆ, ಯಾವಾಗ ಆ ಕಾಗದ ನಿಜವಾಗಿ ಬೇಕೋ ಆಗಲೇ ಅದು ಕೆಲಸಕ್ಕೆ ಬರಲ್ಲ. ಆಮೇಲೆ ಉಳಿಯುವುದು ಗಾರ್ಡಿಯನ್ ನೇಮಿಸಿ ಅಂತ ಕೋರ್ಟಿಗೆ ಹೋಗುವ ದಾರಿ. ಕೋಮಾದಲ್ಲಿರುವವರ ವಿಷಯದಲ್ಲಿ ಸಾಮಾನ್ಯವಾಗಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಕ್ತಾರೆ. ವಕೀಲರ ಫೀಸು, ವೈದ್ಯಕೀಯ ವರದಿ, ಓಡಾಟ, ಎಲ್ಲ ಅಕ್ಕನ ತಲೆ ಮೇಲೆ ಬೀಳುತ್ತೆ.

ಇದಕ್ಕೆ ಮದ್ದು ಮೊದಲೇ ಮಾಡಬೇಕು. ಅಪ್ಪ, ಅಮ್ಮ, ಅಕ್ಕ ಮೂವರ ಹೆಸರಲ್ಲಿ ಒಂದು ಉಳಿತಾಯ ಖಾತೆ ಇರಲಿ. ಕಾರ್ಯಾಚರಣೆ ಸೂಚನೆ 'ಎನಿವನ್ ಆರ್ ಸರ್ವೈವರ್' ಅಂತಲೇ ಇರಬೇಕು, ಅಂದರೆ ಯಾರೊಬ್ಬರ ಸಹಿಯಾದರೂ ಸಾಕು. ಜಾಯಿಂಟ್ಲಿ (ಎಲ್ಲರೂ ಸೇರಿ) ಅಂತಿದ್ದರೆ ಒಬ್ಬರು ಮಲಗಿದ ದಿನ ಖಾತೆ ನಿಂತುಹೋಗುತ್ತೆ. ಠೇವಣಿಗಳಲ್ಲಿ ಇನ್ನೊಂದು ತೊಡಕಿದೆ: ಹೆಸರು ಜಂಟಿಯಾಗಿದ್ದರೂ ಅವಧಿಗೆ ಮುಂಚೆ ಮುರಿಸಲು ಬ್ಯಾಂಕು ಎಲ್ಲರ ಸಹಿ ಕೇಳುತ್ತೆ. ಯಾರೊಬ್ಬರು ಬೇಕಾದರೂ, ಉಳಿದವರು ಬೇಕಾದರೂ ಮುರಿಸಬಹುದು ಅನ್ನುವ ಮ್ಯಾಂಡೇಟ್ (ಒಪ್ಪಿಗೆ ಪತ್ರ) ಅನ್ನು ಎಲ್ಲರೂ ಮೊದಲೇ ಬರೆದುಕೊಟ್ಟಿರಬೇಕು. ಹಳೆಯ ಠೇವಣಿಗಳಿಗೂ ಈಗಲೇ ಕೊಡಬಹುದು, ಒಂದೊಂದು ರಸೀದಿಯನ್ನೂ ತೆಗೆಸಿ ನೋಡಿಸಿ. ಕೈ ನಡುಗಿ ಸಹಿ ಹೊಂದದಿದ್ದರೆ ಭಯ ಬೇಡ. ಹೆಬ್ಬೆಟ್ಟಿನ ಗುರುತನ್ನು ಇಬ್ಬರು ಸಾಕ್ಷಿಗಳು, ಅವರಲ್ಲಿ ಒಬ್ಬರು ಬ್ಯಾಂಕಿನ ಅಧಿಕಾರಿ, ಗುರುತಿಸಿದರೆ ಹಣ ಕೊಡುವ ವ್ಯವಸ್ಥೆ ರಿಸರ್ವ್ ಬ್ಯಾಂಕಿನ ಸೂಚನೆಯಲ್ಲೇ ಇದೆ. ಆದರೆ ಅದು ಬುದ್ಧಿ ಸರಿಯಿದ್ದು ಮೈ ಮಾತ್ರ ಸೋತವರಿಗೆ.

ನಾಮಿನಿ ಅಂದರೆ ವಾರಸುದಾರ ಅಲ್ಲ, ಹಣವನ್ನು ಇಸಿದುಕೊಂಡು ಹಕ್ಕುದಾರರಿಗೆ ತಲುಪಿಸುವವರು ಅಷ್ಟೆ. ಆಸ್ತಿ ಯಾರಿಗೆ ಅನ್ನುವುದಕ್ಕೆ ಉಯಿಲೇ ಬೇಕು. ಇಬ್ಬರು ಸಾಕ್ಷಿಗಳು, ಇಬ್ಬರೂ ಪಾಲು ಪಡೆಯದವರು, ಆದಷ್ಟು ಅಪ್ಪನಿಗಿಂತ ಚಿಕ್ಕ ವಯಸ್ಸಿನವರು. ನೋಂದಣಿ ಕಡ್ಡಾಯ ಅಲ್ಲ, ಆದರೂ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಿಬಿಡಿ. ಮುಂದೆ ನೀವು ಅಮೆರಿಕದಲ್ಲಿ ನಿಮ್ಮದೇ ವಿಲ್ ಮಾಡುವಾಗ ಒಂದು ಸಾಲು ನೋಡಿಕೊಳ್ಳಿ. ಇಲ್ಲಿನ ವಕೀಲರ ನಮೂನೆಯಲ್ಲಿ "ಹಿಂದಿನ ಎಲ್ಲ ಉಯಿಲುಗಳನ್ನೂ ರದ್ದು ಮಾಡಿದ್ದೇನೆ" ಅಂತ ಮೊದಲೇ ಅಚ್ಚಾಗಿರುತ್ತೆ. ಊರಿನ ಆಸ್ತಿಗೆ ಅಂತ ಬೇರೆ ಉಯಿಲು ಬರೆದಿದ್ದರೆ ಅದೂ ಅದರ ಜೊತೆ ಬಿದ್ದುಹೋಗುತ್ತೆ. ಯಾವ ದೇಶದ ಆಸ್ತಿಗೆ ಯಾವ ಉಯಿಲು ಅಂತ ಎರಡರಲ್ಲೂ ಬಿಡಿಸಿ ಬರೆಸಿ.

ಇದರ ಜೊತೆಗೇ ಲಿವಿಂಗ್ ವಿಲ್. ವೆಂಟಿಲೇಟರ್ ಎಲ್ಲಿಯವರೆಗೆ, ನಿರ್ಧಾರ ಯಾರದು ಅಂತ ಅಪ್ಪ ಅಮ್ಮ ತಾವೇ ಬರೆದಿಡುವ ಪತ್ರ. ಸುಪ್ರೀಂ ಕೋರ್ಟ್ 2018ರಲ್ಲಿ ಮಾನ್ಯ ಮಾಡಿತು, 2023ರಲ್ಲಿ ವಿಧಾನ ಸರಳಗೊಳಿಸಿತು: ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ. ಕರ್ನಾಟಕ ಸರ್ಕಾರವೂ 2025ರ ಜನವರಿಯಲ್ಲಿ ಆದೇಶ ಹೊರಡಿಸಿದೆ. ಈ ಮಾತು ತೆಗೆಯುವುದು ಕಷ್ಟ. ಆದರೂ ನೀವು ಊರಿಗೆ ಹೋದಾಗ ಎದುರು ಕೂತು ತೆಗೆಯಿರಿ, ಫೋನಿನಲ್ಲಿ ಬೇಡ. ಐಸಿಯು ಬಾಗಿಲಲ್ಲಿ ಅಕ್ಕ ಒಬ್ಬರೇ ಆ ನಿರ್ಧಾರ ಹೊತ್ತುಕೊಂಡು ನಿಲ್ಲುವಂತೆ ಬಿಡಬೇಡಿ.

ಈಗ ಗದ್ದೆ. ಮಂಡ್ಯ ಕಡೆ ಎಷ್ಟೋ ಮನೆಗಳಲ್ಲಿ ಪಹಣಿ ಇನ್ನೂ ತಾತನ ಹೆಸರಲ್ಲೇ ಇರುತ್ತೆ. ಹಾಗಿದ್ದರೆ ಮೊದಲ ಕೆಲಸ ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸುವುದು: ಮರಣ ಪ್ರಮಾಣಪತ್ರ, ವಂಶವೃಕ್ಷ, ಎಲ್ಲ ವಾರಸುದಾರರ ಒಪ್ಪಿಗೆ. 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮ ಪಾಲು. ಹಾಗಾಗಿ ಅತ್ತೆಯಂದಿರ, ಅಂದರೆ ಅಪ್ಪನ ಅಕ್ಕತಂಗಿಯರ, ಸಹಿ ಬಿಟ್ಟು ಈಗ ಮಾಡುವ ವಿಭಾಗ ನಿಲ್ಲಲ್ಲ. ಅವರು ಬದುಕಿದ್ದಾಗ ಮಾತಾಡಿದರೆ ಒಂದು ಸಹಿಗೆ ಮುಗಿಯುವುದು, ಅವರು ಹೋದ ಮೇಲೆ ನಾಲ್ಕು ಊರಿನ ಹನ್ನೆರಡು ಜನರ ಸಹಿ ಆಗುತ್ತೆ. ಪಾಲಿನ ಜಮೀನು ಮಾರುವುದಿದ್ದರೆ 11ಇ ನಕ್ಷೆ (ಆ ಪಾಲನ್ನು ಅಳೆದು ತೋರಿಸುವ ಸರ್ವೆ ನಕ್ಷೆ) ಬೇಕು. ಬೇರೆಯವರು ಉಳುತ್ತಿದ್ದರೆ ಪಹಣಿಯಲ್ಲಿ ಮಾಲೀಕರ ಹೆಸರಿರುವ 9ನೇ ಕಾಲಂ ಮಾತ್ರ ನೋಡಿ ಸುಮ್ಮನಾಗಬೇಡಿ, 12ನೇ ಕಾಲಮಿನಲ್ಲಿ ಸಾಗುವಳಿದಾರರ ಹೆಸರು ಯಾರದು ಬಂದಿದೆ ಅಂತ ವರ್ಷಕ್ಕೊಮ್ಮೆ ನೋಡಿ. ಅನಿವಾಸಿಗಳಾದ ನೀವು ಕೃಷಿ ಭೂಮಿ ಕೊಳ್ಳುವ ಹಾಗಿಲ್ಲ, ಆದರೆ ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು. ಮುಂದೆ ಅಮೆರಿಕದ ಪ್ರಜೆಯಾಗಿ ಓಸಿಐ (ಭಾರತದ ಸಾಗರೋತ್ತರ ಪೌರ ಕಾರ್ಡ್) ಪಡೆದರೂ ಇದೇ ನಿಯಮ. ಮೈಸೂರಿನ ಸೈಟು ಮುಡಾ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ) ಹಂಚಿದ್ದಾದರೆ ಲೀಸ್ ಕಮ್ ಸೇಲ್ (ಮೊದಲು ಗುತ್ತಿಗೆ, ಆಮೇಲೆ ಕ್ರಯ) ಹಂತದಲ್ಲೇ ನಿಂತಿದೆಯೋ, ಕ್ರಯಪತ್ರ ಆಗಿದೆಯೋ ನೋಡಿ, ಇ-ಖಾತಾ ಮಾಡಿಸಿ, ಬೇಲಿ ಹಾಕಿಸಿ.

"ಎಲ್ಲ ಈಗಲೇ ನಿನ್ನ ಹೆಸರಿಗೆ ದಾನಪತ್ರ ಮಾಡಿಬಿಡ್ತೀನಿ" ಅಂತ ಅಪ್ಪ ಹೇಳಬಹುದು. ಬೇಡ ಅನ್ನಿ. ಆಸ್ತಿ ಕೈಲಿದ್ದಷ್ಟು ದಿನ ಹಿರಿಯರಿಗೆ ಮನೆಯಲ್ಲಿ ಮಾತಿರುತ್ತೆ. ತೆರಿಗೆ ಲೆಕ್ಕದಲ್ಲೂ ಅದು ನಿಮಗೆ ನಷ್ಟ. ಅಮೆರಿಕದ ನಿಯಮದಲ್ಲಿ, ಮಾರಿದಾಗ ಲಾಭ ಲೆಕ್ಕ ಹಾಕಲು, ದಾನವಾಗಿ ಬಂದ ಆಸ್ತಿಗೆ ಅಪ್ಪ ಕೊಂಡ ಹಳೆಯ ಬೆಲೆಯೇ ಅಸಲು, ವಾರಸಿನಿಂದ ಬಂದದ್ದಕ್ಕೆ ಅವರು ತೀರಿಕೊಂಡ ದಿನದ ಮಾರುಕಟ್ಟೆ ಬೆಲೆ ಅಸಲು. ಮೂವತ್ತು ವರ್ಷದ ಹಿಂದೆ ಕೊಂಡ ಸೈಟನ್ನು ಮಾರುವಾಗ ಈ ವ್ಯತ್ಯಾಸ ಎಷ್ಟು ದೊಡ್ಡದು ಅಂತ ನೀವೇ ಲೆಕ್ಕ ಹಾಕಿ. ಭಾರತದಲ್ಲಿರುವವರಿಂದ ವರ್ಷಕ್ಕೆ 1,00,000 ಡಾಲರಿಗಿಂತ ಹೆಚ್ಚಿನ ದಾನ ಅಥವಾ ವಾರಸು ಬಂದರೆ ಅಮೆರಿಕದ ತೆರಿಗೆ ಇಲಾಖೆಗೆ ಫಾರ್ಮ್ 3520 ಕೊಡಬೇಕು. ತೆರಿಗೆ ಇರಲ್ಲ, ಕೊಡದಿದ್ದರೆ ದಂಡ ಮಾತ್ರ ಆ ಮೊತ್ತದ ಶೇ. 25ರವರೆಗೂ ಹೋಗುತ್ತೆ.

ಇನ್ನು ಕರೆಸಿಕೊಳ್ಳುವ ಮಾತು. ಈಗ ಬಿ-2 (ಪ್ರವಾಸಿ) ವೀಸಾ ಒಂದೇ ದಾರಿ, ಒಂದು ಸಲಕ್ಕೆ ಸಾಮಾನ್ಯವಾಗಿ ಆರು ತಿಂಗಳು. ಗ್ರೀನ್ ಕಾರ್ಡ್ ಬಂದರೂ ತಂದೆ ತಾಯಿಯನ್ನು ಪ್ರಾಯೋಜಿಸಲು ಆಗಲ್ಲ, ನೀವು ಪ್ರಜೆಯೇ ಆಗಬೇಕು. ಭಾರತದಲ್ಲಿ ಹುಟ್ಟಿದವರ ಸರದಿ ನೋಡಿದರೆ ಅಷ್ಟು ಹೊತ್ತಿಗೆ ಅಪ್ಪ ಎಂಬತ್ತು ದಾಟಿರಬಹುದು. ಬಂದ ಮೇಲೂ ಮೆಡಿಕೇರ್ (ಹಿರಿಯರಿಗೆ ಇಲ್ಲಿನ ಸರ್ಕಾರದ ಆರೋಗ್ಯ ವಿಮೆ) ಕೊಳ್ಳಲು ಇಲ್ಲಿ ಸತತ ಐದು ವರ್ಷ ವಾಸ ಆಗಿರಬೇಕು. ಅವರು ಇಲ್ಲಿ ದುಡಿದಿಲ್ಲವಾದ್ದರಿಂದ ಪೂರ್ತಿ ಕಂತು: 2025ರ ದರದಲ್ಲಿ ಪಾರ್ಟ್ ಎ (ಆಸ್ಪತ್ರೆ ಖರ್ಚಿಗೆ) ತಿಂಗಳಿಗೆ 518 ಡಾಲರ್, ಪಾರ್ಟ್ ಬಿ (ವೈದ್ಯರ ಖರ್ಚಿಗೆ) 185, ಅದೂ ತಲಾ. ಆರು ತಿಂಗಳು ಇಲ್ಲಿ, ಆರು ತಿಂಗಳು ಅಲ್ಲಿ ಅನ್ನುವ ಏರ್ಪಾಡು ಗ್ರೀನ್ ಕಾರ್ಡಿಗೆ ಒಗ್ಗಲ್ಲ, ವಿಮಾನ ನಿಲ್ದಾಣದಲ್ಲೇ ಪ್ರಶ್ನೆ ಏಳುತ್ತೆ. ಇನ್ನೂ ಯಾರೂ ಹೇಳದ ವಿಷಯ: ಗ್ರೀನ್ ಕಾರ್ಡ್ ಪಡೆದ ದಿನದಿಂದ ಅವರ ಮಂಡ್ಯದ ಬಡ್ಡಿ, ಬಾಡಿಗೆ, ಪಿಂಚಣಿ ಎಲ್ಲ ಅಮೆರಿಕದ ಲೆಕ್ಕಕ್ಕೂ ಬರುತ್ತೆ. ಊರಿನಲ್ಲಿ ತೆರಿಗೆಯೇ ಇಲ್ಲದ ಹಳ್ಳಿ ಜಮೀನಿನ ಮಾರಾಟಕ್ಕೂ ಇಲ್ಲಿ ತೆರಿಗೆ ಬೀಳಬಹುದು. ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ಎಪ್ಪತ್ತು ದಾಟಿದವರನ್ನು, ಕಾರಿಲ್ಲದೆ ಹಾಲಿಗೂ ಹೋಗಲಾಗದ ಬಡಾವಣೆಗೆ ತಂದು ಕೂರಿಸುವುದಕ್ಕಿಂತ ಅವರ ಊರಲ್ಲೇ ಆಸರೆ ಕಟ್ಟುವುದು ಮೇಲು.

ಆ ಆಸರೆಗೆ ದುಡ್ಡು ಹೀಗೆ. ಸೀನಿಯರ್ ಸಿಟಿಜನ್ ಸೇವಿಂಗ್ಸ್ ಸ್ಕೀಮಿನಲ್ಲಿ ಒಬ್ಬರಿಗೆ 30 ಲಕ್ಷದವರೆಗೆ ಇಡಬಹುದು. 2023ರ ಏಪ್ರಿಲ್‌ನಲ್ಲಿ ಬಡ್ಡಿ ಶೇ. 8.2 ಆಯಿತು. ಆ ದರದಲ್ಲಿ 30 ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ ಬರುತ್ತೆ, ಖಾತೆ ತೆರೆದ ದಿನದ ದರ ಐದು ವರ್ಷ ಬದಲಾಗಲ್ಲ. ಅನಿವಾಸಿಗಳಿಗೆ ಇದು ಸಿಗಲ್ಲ, ಅಪ್ಪ ಅಮ್ಮನಿಗೆ ಸಿಗುತ್ತೆ. ನೀವು ಅವರಿಗೆ ಕೊಡುವ ಹಣ ಭಾರತದಲ್ಲಿ ತೆರಿಗೆಯಿಲ್ಲದ ಉಡುಗೊರೆ. ಇಲ್ಲಿ ಒಬ್ಬರಿಗೆ ವರ್ಷಕ್ಕೆ 19,000 ಡಾಲರ್ ದಾಟಿದರೆ ಫಾರ್ಮ್ 709 (ಉಡುಗೊರೆಯ ತೆರಿಗೆ ವಿವರ) ಕೊಡಬೇಕು, ಸಾಮಾನ್ಯವಾಗಿ ಕಟ್ಟುವುದೇನೂ ಇರಲ್ಲ. 2026ರಿಂದ ಬಂದಿರುವ ಶೇ. 1 ರವಾನೆ ತೆರಿಗೆ ನಗದು, ಮನಿ ಆರ್ಡರ್, ಕ್ಯಾಷಿಯರ್ಸ್ ಚೆಕ್‌ನಂಥವಕ್ಕೆ ಮಾತ್ರ. ಬ್ಯಾಂಕ್ ಖಾತೆಯಿಂದ ಕಳಿಸಿದರೆ ಇಲ್ಲ.

ನಿಮ್ಮ ಹಳೆಯ ಸಂಬಳದ ಖಾತೆಯನ್ನು ಎನ್‌ಆರ್‌ಒ (ಅನಿವಾಸಿಗಳ ಊರಿನ ಆದಾಯದ ಖಾತೆ) ಮಾಡಿಸಿದ್ದೀರಾ? ಇಲ್ಲದಿದ್ದರೆ ಈ ತಿಂಗಳೇ ಮಾಡಿಸಿ. ಎನ್‌ಆರ್‌ಇ (ಹೊರದೇಶದ ದುಡಿಮೆ ಇಡುವ ಅನಿವಾಸಿ ಖಾತೆ) ಬಡ್ಡಿ ಭಾರತದಲ್ಲಿ ತೆರಿಗೆಮುಕ್ತ, ಅಮೆರಿಕದಲ್ಲಿ ಅಲ್ಲ. ಭಾರತದ ಎಲ್ಲ ಖಾತೆಗಳ ಒಟ್ಟು ಮೊತ್ತ ವರ್ಷದ ಯಾವುದೇ ದಿನ 10,000 ಡಾಲರ್ ದಾಟಿದರೆ ಎಫ್‌ಬಾರ್ (ಹೊರದೇಶದ ಖಾತೆಗಳ ವಿವರ) ಅನ್ನು ಅಮೆರಿಕ ಸರ್ಕಾರಕ್ಕೆ ಸಲ್ಲಿಸಬೇಕು. ಅಪ್ಪನ ಖಾತೆಗೆ ನಿಮ್ಮ ಹೆಸರು ಸೇರಿಸಿಕೊಂಡರೆ ಅದೂ ಲೆಕ್ಕಕ್ಕೆ ಬರುತ್ತೆ. ಜಂಟಿ ಖಾತೆಗೆ ಅಕ್ಕನ ಹೆಸರು ಸಾಕು ಅಂದದ್ದು ಇದಕ್ಕೂ ಸೇರಿ. ಊರಿನ ಮ್ಯೂಚುವಲ್ ಫಂಡುಗಳು ಇಲ್ಲಿ ಪಿಎಫ್‌ಐಸಿ ಅನ್ನುವ ದುಬಾರಿ ತೆರಿಗೆಯ ಗುಂಪಿಗೆ ಬೀಳುತ್ತವೆ, ಹೊಸದಾಗಿ ಹಾಕಬೇಡಿ.

ಆರೋಗ್ಯ ವಿಮೆಯನ್ನು ಅವರಿಗೆ ಈಗಲೇ ಮಾಡಿಸಿ. 65ರ ಮೇಲೆ ಹೊಸ ಪಾಲಿಸಿ ಇಲ್ಲ ಅನ್ನುವ ಮಿತಿ 2024ರಲ್ಲಿ ಹೋಯಿತು, ಹಳೆಯ ಕಾಯಿಲೆಗೆ ಕಾಯುವ ಅವಧಿ ಗರಿಷ್ಠ ಮೂರು ವರ್ಷಕ್ಕೆ ಇಳಿಯಿತು. ಸಕ್ಕರೆ, ಬಿಪಿ ಮುಚ್ಚಿಡಬೇಡಿ, ಕ್ಲೇಮು ಬೀಳುವುದೇ ಅಲ್ಲಿ. ಏನಾದರೂ ಆದರೆ ಯಾವ ಆಸ್ಪತ್ರೆಗೆ ಅನ್ನುವುದು ಕಾಗದದಲ್ಲಿ ಬರೆದು ಫ್ರಿಡ್ಜಿಗೆ ಅಂಟಿಸಿರಲಿ. ಪಾರ್ಶ್ವವಾಯುವಿಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು. ಮಂಡ್ಯದಿಂದ ಮೈಸೂರು 45 ಕಿಲೋಮೀಟರ್, ದಾರಿ ದೊಡ್ಡದಲ್ಲ, "ಬೆಳಿಗ್ಗೆ ನೋಡೋಣ" ಅಂತ ಮಲಗಿಸುವುದೇ ಸಮಯ ತಿನ್ನುವುದು. ಬಾಯಿ ಸೊಟ್ಟಗಾದರೆ, ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ಕಾಯಬಾರದು ಅಂತ ಪಕ್ಕದ ಮನೆಯವರಿಗೂ ಹೇಳಿಡಿ. ಹೃದಯಕ್ಕೆ ಮೈಸೂರಿನ ಜಯದೇವ ಇದೆ. ಪಾರ್ಶ್ವವಾಯುವಿನ ನಂತರ ಮಾತು ಮರಳಿಸುವುದಕ್ಕೆ, ಕಿವಿಯ ತೊಂದರೆಗೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗಿಂತ ಹತ್ತಿರದ ಒಳ್ಳೆ ಜಾಗ ಬೇರೆ ಇಲ್ಲ.

ಮನೆಯಲ್ಲಿ ಮೊದಲು ಬಚ್ಚಲು ನೋಡಿ. ರೆಡ್ ಆಕ್ಸೈಡ್ ನೆಲ, ಪಾಲಿಶ್ ಟೈಲು, ಎರಡೂ ಸೋಪಿನ ನೀರು ಬಿದ್ದರೆ ಜಾರುತ್ತವೆ. ಮ್ಯಾಟ್ ಟೈಲು ಹಾಕಿಸಿ, ಕಮೋಡಿನ ಪಕ್ಕ ಮತ್ತು ಸ್ನಾನದ ಜಾಗದಲ್ಲಿ ಗೋಡೆಗೆ ಕೊರೆದು ಕೂರಿಸಿದ ಸ್ಟೀಲ್ ಹಿಡಿ ಇರಲಿ. ಟವಲ್ ರಾಡ್ ಆ ಕೆಲಸ ಮಾಡಲ್ಲ, ಭಾರ ಬಿದ್ದರೆ ಕಿತ್ತು ಕೈಗೆ ಬರುತ್ತೆ. ಬಾಗಿಲು ಹೊರಕ್ಕೆ ತೆರೆಯುವಂತೆ ತಿರುಗಿಸಿ. ಒಳಕ್ಕೆ ತೆರೆಯುವ ಬಾಗಿಲಿನ ಹಿಂದೆಯೇ ಬಿದ್ದವರನ್ನು ಹೊರತೆಗೆಯಲು ಬಾಗಿಲು ಒಡೆಯಬೇಕಾಗುತ್ತೆ. ಚಿಲಕ ಹೊರಗಿನಿಂದಲೂ ತೆಗೆಯುವಂಥದ್ದಾಗಿರಲಿ. ಮಲಗುವ ಕೋಣೆ ನೆಲಮಹಡಿಗೆ ಬರಲಿ. ಮುಂದೆ ಹಿರಿಯರ ವಸತಿ ಸಮುಚ್ಚಯ ನೋಡುವುದಾದರೆ ಒಂದೇ ಪ್ರಶ್ನೆ ಮೊದಲು ಕೇಳಿ: ಹಾಸಿಗೆ ಹಿಡಿದ ಮೇಲೂ ಇಟ್ಟುಕೊಳ್ತೀರಾ? ಉತ್ತರ ಒಪ್ಪಂದದಲ್ಲಿ ಬರೆದಿರಬೇಕು, ಠೇವಣಿ ವಾಪಸಾತಿಯ ಷರತ್ತಿನ ಜೊತೆಗೆ.

ನಿಮ್ಮ ವಯಸ್ಸಾದ ಕಾಲಕ್ಕೆ ಈಗ ಎರಡೇ ಕೆಲಸ. ಕಂಪನಿ ತನ್ನ ಪಾಲಾಗಿ ಕೊಡುವ ಮ್ಯಾಚ್ ಪೂರ್ತಿ ಸಿಗುವಷ್ಟು 401ಕೆಗೆ (ಕಂಪನಿ ಮೂಲಕದ ನಿವೃತ್ತಿ ಉಳಿತಾಯ) ಹಾಕಿ, ಐವತ್ತೊಂಬತ್ತೂವರೆ ವರ್ಷಕ್ಕೆ ಮುಂಚೆ ತೆಗೆದರೆ ಸಾಮಾನ್ಯವಾಗಿ ಶೇ. 10 ದಂಡ ಅನ್ನುವುದು ನೆನಪಿರಲಿ. ಸೋಷಿಯಲ್ ಸೆಕ್ಯುರಿಟಿಗೆ (ಇಲ್ಲಿನ ಸರ್ಕಾರದ ಪಿಂಚಣಿ) 40 ಕ್ರೆಡಿಟ್ ಬೇಕು, ವರ್ಷಕ್ಕೆ ನಾಲ್ಕೇ ಸಿಗುವುದು, ಅಂದರೆ ಹತ್ತು ವರ್ಷದ ದುಡಿಮೆ. ಎರಡೂ ದೇಶದ ದುಡಿಮೆಯ ವರ್ಷಗಳನ್ನು ಕೂಡಿಸಿ ಲೆಕ್ಕ ಹಾಕುವ ಟೋಟಲೈಸೇಶನ್ ಒಪ್ಪಂದ ಭಾರತದ ಜೊತೆ ಇಲ್ಲ. ಒಂಬತ್ತು ವರ್ಷಕ್ಕೆ ವಾಪಸ್ ಹೊರಟರೆ ಕಟ್ಟಿದ್ದಕ್ಕೆ ಪಿಂಚಣಿ ಇಲ್ಲ. ನಿವೃತ್ತಿಯಾಗಿ ಮೈಸೂರಿಗೆ ಮರಳುವ ಆಸೆ ಇದ್ದರೆ ಮೆಡಿಕೇರ್ ಅಲ್ಲಿ ನಡೆಯಲ್ಲ, ಇಲ್ಲೇ ಉಳಿದರೂ ಊಟ, ಸ್ನಾನ ಮಾಡಿಸುವಂಥ ದೀರ್ಘಕಾಲದ ಆರೈಕೆಗೆ ಅದು ಕೊಡಲ್ಲ. ಇದನ್ನು ನಲವತ್ತೈದರ ಹೊತ್ತಿಗೆ ಕೂತು ಲೆಕ್ಕ ಹಾಕಿದರೆ ತಡವಲ್ಲ.

ಮುಂದಿನ ಸಲ ಊರಿಗೆ ಹೋಗುವಾಗ ಮೂರು ವಾರ ರಜೆ ಹಾಕಿ. ಮೊದಲ ವಾರದಲ್ಲೇ ಬ್ಯಾಂಕು ಮತ್ತು ನಾಡಕಚೇರಿ, ಎರಡನೆಯದರಲ್ಲಿ ವಕೀಲರು ಮತ್ತು ಸಬ್‌ರಿಜಿಸ್ಟ್ರಾರ್. ಸರ್ವರ್ ಡೌನ್, ಹೆಸರಲ್ಲಿ ಅಕ್ಷರ ತಪ್ಪು, ಆಧಾರ್ ಮತ್ತು ಪಾನ್‌ನಲ್ಲಿ ಇನಿಷಿಯಲ್ ಬೇರೆ, ಇಂಥದ್ದಕ್ಕೆಲ್ಲ ಮೂರನೆಯ ವಾರ ಬೇಕಾಗುತ್ತೆ. ಹೊರಡುವ ಮುಂಚೆ ಅಪ್ಪನ ಬ್ಯಾಂಕ್ ಒಟಿಪಿ ಯಾವ ನಂಬರಿಗೆ ಬರುತ್ತೆ, ಆ ಸಿಮ್ಮಿಗೆ ರೀಚಾರ್ಜ್ ಯಾರು ಮಾಡ್ತಾರೆ ಅನ್ನುವುದನ್ನು ಅಕ್ಕನ ಜೊತೆ ಗೊತ್ತು ಮಾಡಿಕೊಳ್ಳಿ. ದಾಖಲೆಗಳ ಒಂದು ಪ್ರತಿ ಅವರ ಮನೆಯಲ್ಲಿರಲಿ.