ಚಿಕ್ಕ ಮಕ್ಕಳೊಂದಿಗೆ ಪ್ರವಾಸ: ಊರುಗಳ ಪಟ್ಟಿ ಕಿರಿದಾಗಲಿ

ಪ್ರಶ್ನೆ: ನಾನು ಮತ್ತು ನನ್ನ ಯಜಮಾನರು ಇಬ್ಬರೂ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದೇವೆ. ಮಗಳಿಗೆ 4 ವರ್ಷ, ಮಗನಿಗೆ ಒಂದೂವರೆ ವರ್ಷ. ಕಳೆದ ಡಿಸೆಂಬರ್‌ನಲ್ಲಿ ಅತ್ತೆಯವರನ್ನೂ ಕರೆದುಕೊಂಡು ಮೂರೇ ದಿನಗಳಲ್ಲಿ ಬೇಲೂರು, ಹಳೇಬೀಡು, ಚಿಕ್ಕಮಗಳೂರು, ಶೃಂಗೇರಿ, ಹೊರನಾಡು ನೋಡಿ ಬಂದೆವು. ಮಗಳು ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡಳು, ಮಗ ಎರಡು ರಾತ್ರಿಯೂ ಸರಿಯಾಗಿ ಮಲಗಲಿಲ್ಲ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ಕುಳಿತು ಮೀನುಗಳಿಗೆ ಮಂಡಕ್ಕಿ ಹಾಕುತ್ತಿದ್ದ ಮಗಳನ್ನು, ಊಟದ ಹೊತ್ತಿಗೆ ಹೊರನಾಡು ಸೇರಬೇಕೆಂದು ಎತ್ತಿಕೊಂಡು ಬಂದೆವು. ಅವಳ ಅಳು ಕಾರಿನಲ್ಲೂ ನಿಲ್ಲಲಿಲ್ಲ. ಕೊನೆಗೆ ನಾವಿಬ್ಬರೂ ಅತ್ತೆಯವರ ಎದುರೇ ಜಗಳವಾಡಿದೆವು. ಈ ಏಪ್ರಿಲ್‌ನಲ್ಲಿ ನಾಲ್ಕು ದಿನ ಮಂಗಳೂರು, ಉಡುಪಿ, ಮುರ್ಡೇಶ್ವರ, ಗೋಕರ್ಣಕ್ಕೆ ಕಾರಿನಲ್ಲಿ ಹೋಗುವ ಯೋಚನೆಯಿದೆ. ಮಕ್ಕಳು ದೊಡ್ಡವರಾಗುವವರೆಗೆ ಪ್ರವಾಸವನ್ನೇ ಬಿಡಬೇಕೆ?
– ಹೆಸರು ಬೇಡ, ಬೆಂಗಳೂರು

ಉತ್ತರ: ಬಿಡಬೇಕಾಗಿಲ್ಲ. ಆದರೆ ಪಟ್ಟಿಯಲ್ಲಿರುವ ನಾಲ್ಕು ಊರುಗಳಲ್ಲಿ ಮೂರನ್ನು ಬಿಡಿ ಎಂದು, ಮಕ್ಕಳ ವೈದ್ಯೆಯಾಗಿ ನಾನು ಒತ್ತಿ ಹೇಳುತ್ತೇನೆ.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಶೃಂಗೇರಿಯ ಮಾತು. ಮೂರು ದಿನಗಳ ಆ ಓಡಾಟದಲ್ಲಿ ನಿಮ್ಮ ಮಗಳು ತಾನಾಗಿ ಕುಳಿತು, ತನಗೆ ಬೇಕಾದುದನ್ನು ಮಾಡುತ್ತ ಸಂತೋಷವಾಗಿದ್ದ ಹೊತ್ತೆಂದು ನೀವು ಬರೆದಿರುವುದು ಅದೊಂದೇ, ಮತ್ತು ಅವಳನ್ನು ಎಬ್ಬಿಸಿದ್ದೂ ಅಲ್ಲಿಂದಲೇ. ಒಂದು ಹಿಡಿ ಮಂಡಕ್ಕಿ ಬಿದ್ದೊಡನೆ ನೂರು ಬಾಯಿ ತೆರೆದು ನೀರು ಕುದಿದಂತೆ ಮೇಲೇಳುವ ಮೀನುಗಳನ್ನು ನೋಡುತ್ತಿರುವ ಮಗುವಿಗೆ, ಇನ್ನೊಂದು ಊರು ಕಾಯುತ್ತಿದೆ ಎಂಬ ಮಾತಿಗೆ ಅರ್ಥವೇ ಇರುವುದಿಲ್ಲ. ನಾಲ್ಕು ವರ್ಷದ ಮಗು ಅಂಥ ಹೊತ್ತಿನಲ್ಲಿ ಅತ್ತರೆ ಅದನ್ನು ಹಠವೆಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ. ನಿದ್ರೆಗೆಟ್ಟು, ಹೊಟ್ಟೆ ತೊಳಸಿ, ಹಸಿದಿದ್ದ ಮಗುವಿನ ಕೈಯಲ್ಲಿದ್ದ ಏಕೈಕ ಸಮಾಧಾನವೂ ಹೋದಾಗ ಅದಕ್ಕೆ ಅಳುವುದಲ್ಲದೆ ಬೇರೆ ದಾರಿ ಗೊತ್ತಿರುವುದಿಲ್ಲ.

ಮೊದಲಿಗೆ ನಿದ್ರೆಯ ಲೆಕ್ಕ ಹಾಕಿ, ಏಕೆಂದರೆ ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಹಗಲಿನ ನಿದ್ರೆಯೂ ಸೇರಿ ನಿಮ್ಮ ಮಗನಿಗೆ ದಿನಕ್ಕೆ 11ರಿಂದ 14 ಗಂಟೆ, ಮಗಳಿಗೆ 10ರಿಂದ 13 ಗಂಟೆ ನಿದ್ರೆ ಬೇಕು. ಇದನ್ನು ಕಳೆದರೆ ಎಚ್ಚರದ ಹೊತ್ತು ಎಷ್ಟು ಉಳಿಯುತ್ತದೆ, ಅದರಲ್ಲಿ ಊಟ, ಸ್ನಾನ, ಬಟ್ಟೆ ಬದಲಾವಣೆಗೆ ಎಷ್ಟು ಹೋಗುತ್ತದೆ ಎಂದು ಕಾಗದದ ಮೇಲೆ ಬರೆದು ನೋಡಿದರೆ, ದಿನಕ್ಕೆ ಒಂದು ಜಾಗಕ್ಕಿಂತ ಹೆಚ್ಚು ನೋಡಲು ಸಮಯವೇ ಇಲ್ಲವೆಂಬುದು ನಿಮಗೇ ಗೊತ್ತಾಗುತ್ತದೆ. ಬೆಳಗ್ಗೆ ಒಂದು ಕಡೆ ಹೋಗಿಬಂದು, ಮಧ್ಯಾಹ್ನ ಕೋಣೆಯಲ್ಲಿ ಪರದೆ ಎಳೆದು ಮಲಗಿಸಿ, ಬಿಸಿಲು ಇಳಿದ ಮೇಲೆ ಕಡಲ ತೀರಕ್ಕೆ ಹೋದರೆ ದಿನ ತುಂಬಿತು. ಮಗ ಮನೆಯಲ್ಲಿ ಹೊದೆಯುವ ಹಳೆಯ ಹೊದಿಕೆಯನ್ನು ಒಗೆಯದೆ ಹಾಗೆಯೇ ತೆಗೆದುಕೊಂಡು ಹೋಗಿ. ಹೊಸ ಕೋಣೆಯಲ್ಲಿ ಅದರ ಪರಿಚಿತ ವಾಸನೆಯೇ ಅವನಿಗೆ ಮನೆಯಾಗುತ್ತದೆ.

ಹೀಗಾಗಿ ಉಡುಪಿಯೊಂದರಲ್ಲೇ ನಾಲ್ಕೂ ದಿನ ಒಂದೇ ಕೋಣೆಯಲ್ಲಿ ಉಳಿಯಿರಿ. ಮಲ್ಪೆಯ ತೀರ ಅಲ್ಲಿಂದ ಕೆಲವೇ ಕಿಲೋಮೀಟರ್, ಕಾಪು ಕೂಡ ದೂರವಿಲ್ಲ. ಮುರ್ಡೇಶ್ವರ ಸುಮಾರು 100 ಕಿ.ಮೀ., ಗೋಕರ್ಣ ಇನ್ನೂ ಮುಂದೆ. ಏಪ್ರಿಲ್‌ನ ಸೆಕೆಯಲ್ಲಿ ಅಷ್ಟು ದೂರ ಹೋಗಿಬರುವುದೆಂದರೆ ಮಕ್ಕಳ ಒಂದಿಡೀ ದಿನ ಕಾರಿನ ಸೀಟಿನಲ್ಲಿ ಕಳೆದಂತೆ.

ಇನ್ನು ವಾಂತಿಯ ವಿಷಯ. ಒಳಗಿವಿಗೆ ದೇಹ ಅತ್ತಿತ್ತ ವಾಲುತ್ತಿರುವುದು ಗೊತ್ತಾಗುತ್ತಿರುತ್ತದೆ, ಆದರೆ ಎದುರಿನ ಸೀಟನ್ನೋ ಮೊಬೈಲನ್ನೋ ನೋಡುತ್ತಿರುವ ಕಣ್ಣಿಗೆ ಯಾವುದೂ ಅಲುಗಾಡಿದಂತೆ ಕಾಣುವುದಿಲ್ಲ. ಈ ಎರಡು ಸುದ್ದಿಗಳು ಮಿದುಳಿನಲ್ಲಿ ತಾಳೆಯಾಗದಿದ್ದಾಗ ಹೊಟ್ಟೆ ತೊಳಸುತ್ತದೆ. ಎರಡು ವರ್ಷದೊಳಗಿನ ಮಕ್ಕಳಲ್ಲಿ ಇದು ಅಪರೂಪ, ಎರಡರಿಂದ ಹನ್ನೆರಡು ವರ್ಷದವರಲ್ಲಿ ಹೆಚ್ಚು. ಆದ್ದರಿಂದಲೇ ನಿಮ್ಮ ಮಗ ಆರಾಮವಾಗಿದ್ದ ದಾರಿಯಲ್ಲಿ ಮಗಳು ಬಳಲಿದಳು. ಘಟ್ಟ ಹತ್ತುವ ಅಥವಾ ಇಳಿಯುವ ಮುನ್ನ ಒಂದೆರಡು ಇಡ್ಲಿಯಂಥ ಹಗುರ ಆಹಾರ ಕೊಡಿ, ಕರಿದದ್ದು ಬೇಡ, ಹಸಿದ ಹೊಟ್ಟೆಯೂ ಬೇಡ. ಕಿಟಕಿ ಸ್ವಲ್ಪ ತೆರೆದು, ದೂರದ ಗುಡ್ಡವನ್ನೋ ಮರವನ್ನೋ ತೋರಿಸುತ್ತ ಮಾತನಾಡಿಸಿ, ತಿರುವುಗಳಲ್ಲಿ ಮೊಬೈಲ್ ಕೊಡಲೇಬೇಡಿ. ಮಗುವಿನ ಮುಖ ಬಿಳಿಚಿಕೊಂಡು, ಮಾತು ನಿಂತು, ಆಕಳಿಕೆ ಬರತೊಡಗಿದರೆ ಅದು ಮುನ್ಸೂಚನೆ. ಆಗಲೇ ಸುರಕ್ಷಿತವಾದ ಕಡೆ ಗಾಡಿ ನಿಲ್ಲಿಸಿ ಐದು ನಿಮಿಷ ಕೆಳಗೆ ನಡೆದಾಡಿಸಿದರೆ ಎಷ್ಟೋ ಸಲ ವಾಂತಿ ತಪ್ಪುತ್ತದೆ. ವಾಂತಿ ತಡೆಯುವ ಔಷಧವನ್ನು ನಿಮ್ಮ ವೈದ್ಯರು ಮಗುವಿನ ತೂಕ ನೋಡಿ ಬರೆದುಕೊಟ್ಟರೆ ಮಾತ್ರ ಕೊಡಿ.

ಸಾಧ್ಯವಾದರೆ ಈ ಸಲ ಕಾರನ್ನು ಬಿಟ್ಟು ರೈಲು ಹಿಡಿಯಿರಿ. ಪಂಚಗಂಗಾ ಎಕ್ಸ್‌ಪ್ರೆಸ್‌ನಂಥ ರಾತ್ರಿ ರೈಲಿನಲ್ಲಿ ಸಕಲೇಶಪುರದಿಂದ ಸುಬ್ರಹ್ಮಣ್ಯದವರೆಗಿನ ಘಟ್ಟವು ಮಕ್ಕಳು ಮಲಗಿರುವಾಗಲೇ ಕಳೆದುಹೋಗುತ್ತದೆ. ಐದು ವರ್ಷದೊಳಗಿನವರಿಗೆ ಪ್ರತ್ಯೇಕ ಬರ್ತ್ ಕೇಳದಿದ್ದರೆ ಟಿಕೆಟ್ ಬೇಕಿಲ್ಲ. ಆದರೂ ಮಗಳಿಗಾಗಿ ಪೂರ್ತಿ ದರ ಕೊಟ್ಟು ಒಂದು ಬರ್ತ್ ಪಡೆಯಿರಿ, ಆ ಹಣ ನಿಮ್ಮ ನಿದ್ರೆಗೆ ಕೊಟ್ಟ ಹಣ. ರೈಲು ಉಡುಪಿಗೆ ನಸುಕಿನಲ್ಲೇ ತಲುಪುವುದರಿಂದ ಅಷ್ಟು ಹೊತ್ತಿಗೆ ಕೋಣೆ ಸಿಗುವಂತೆ ಮೊದಲೇ ಮಾತನಾಡಿಕೊಳ್ಳುವುದು ಅಗತ್ಯ. ಕಾರಿನಲ್ಲೇ ಹೋಗುವುದಾದರೆ ಮಗನನ್ನು ಮುಂದಿನ ಸೀಟಿನಲ್ಲಿ ಮಡಿಲಲ್ಲಿ ಕೂರಿಸಿಕೊಳ್ಳುವ ಅಭ್ಯಾಸ ಖಂಡಿತ ಬೇಡ. 14 ವರ್ಷದೊಳಗಿನವರಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇರಬೇಕೆಂದು 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯೂ ಹೇಳುತ್ತದೆ.

ಊಟದ ಬಗ್ಗೆ ಹೆಚ್ಚು ಚಿಂತೆ ಬೇಡ. ಕರಾವಳಿಯಲ್ಲಿ ಗಂಜಿ, ಮೊಸರನ್ನ ಸುಲಭವಾಗಿ ಸಿಗುತ್ತವೆ. ಎರಡು ದಿನ ಕಡಿಮೆ ತಿಂದರೂ ನೀರು ಕುಡಿದು, ಎಂದಿನಂತೆ ಮೂತ್ರ ಮಾಡಿ, ಆಡಿಕೊಂಡಿರುವ ಮಗುವಿಗೆ ತುತ್ತು ತುರುಕುವ ಯುದ್ಧ ಅನಗತ್ಯ. ಓಆರ್‌ಎಸ್ ಪೊಟ್ಟಣಗಳನ್ನು ಮಾತ್ರ ಮರೆಯಬೇಡಿ. ದೊಡ್ಡ ಪೊಟ್ಟಣವನ್ನು ಪೂರ್ತಿಯಾಗಿ 1 ಲೀಟರ್ ನೀರಿಗೆ ಬೆರೆಸಬೇಕು, ಅಂದಾಜಿನಲ್ಲಿ ಲೋಟಕ್ಕೆ ಉದುರಿಸಬಾರದು, ಬೆರೆಸಿದ್ದನ್ನು 24 ಗಂಟೆಯ ನಂತರ ಚೆಲ್ಲಬೇಕು. ವಾಂತಿಭೇದಿಯಾಗಿ ಮಗು ಆರೆಂಟು ಗಂಟೆ ಮೂತ್ರ ಮಾಡದಿದ್ದರೆ, ಕಣ್ಣು ಗುಳಿಬಿದ್ದು ಮಂಕಾದರೆ, ಕಾಯದೆ ಆಸ್ಪತ್ರೆಗೆ ಹೋಗಿ. ಉಡುಪಿಯ ಪಕ್ಕದಲ್ಲೇ ಮಣಿಪಾಲ ಇರುವುದು ನಿಮಗೊಂದು ಧೈರ್ಯ.

ಕಡಲ ಬಳಿ ಒಂದು ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಿ. ಮೂವರು ದೊಡ್ಡವರಿದ್ದಾಗ ಮೂವರೂ ಇನ್ನೊಬ್ಬರು ನೋಡುತ್ತಿದ್ದಾರೆಂದು ಭಾವಿಸುವುದೇ ಹೆಚ್ಚು, ಮತ್ತು ನೀರಿಗೆ ಸಿಕ್ಕ ಮಗು ಕೂಗುವುದಿಲ್ಲ. "ಈಗ ನಾನು ನೋಡುತ್ತಿದ್ದೇನೆ" ಎಂದು ಒಬ್ಬರು ಬಾಯಿಬಿಟ್ಟು ಹೇಳಬೇಕು, ಅವರ ಕೈಯಲ್ಲಿ ಫೋನ್ ಇರಕೂಡದು, ಮಗು ಕೈಗೆಟುಕುವಷ್ಟು ಹತ್ತಿರದಲ್ಲೇ ಇರಬೇಕು. ಹತ್ತಿಪ್ಪತ್ತು ನಿಮಿಷಕ್ಕೊಮ್ಮೆ ಪಾಳಿ ಬದಲಾಗಲಿ.

ಪಾಳಿಯ ಈ ಮಾತು ನಿಮ್ಮ ಜಗಳಕ್ಕೂ ಸಂಬಂಧಿಸಿದ್ದು. ಚಿಕಿತ್ಸಾಲಯದಲ್ಲಿ ನನ್ನೆದುರು ಕೂರುವ ತಾಯಂದಿರು ಮತ್ತೆ ಮತ್ತೆ ಹೇಳುವುದೆಂದರೆ, ಪ್ರವಾಸದಲ್ಲಿ ಮನೆಯ ಕೆಲಸವೆಲ್ಲ ಬೆನ್ನಿಗೆ ಬಂದಿತು, ಮನೆಯ ಅನುಕೂಲ ಮಾತ್ರ ಹಿಂದೆ ಉಳಿಯಿತು ಎಂದು. ಆದ್ದರಿಂದ ಹೊರಡುವ ಮುನ್ನವೇ ಯಜಮಾನರೊಂದಿಗೆ ಕುಳಿತು, ರಾತ್ರಿ ಎದ್ದ ಮಗನನ್ನು ಯಾರು ಎತ್ತಿಕೊಳ್ಳುವುದು, ಒದ್ದೆ ಬಟ್ಟೆ ಯಾರ ಪಾಲು, ಬೆಳಗಿನ ತಿಂಡಿ ಯಾರು ತಿನ್ನಿಸುವುದು ಎಂಬುದನ್ನು ಹಂಚಿಕೊಳ್ಳಿ. ದಿನಕ್ಕೊಂದು ಗಂಟೆ ಅವರಿಗೆ, ಒಂದು ಗಂಟೆ ನಿಮಗೆ, ಮಕ್ಕಳಿಲ್ಲದೆ ಸಿಗಲಿ. ನಿಮ್ಮ ಗಂಟೆಯಲ್ಲಿ ನೀವು ಸುಮ್ಮನೆ ಮಲಗಿದರೂ ಅದು ವ್ಯರ್ಥವಲ್ಲ.

ಅತ್ತೆಯವರ ಇಷ್ಟವನ್ನೂ ಮೊದಲೇ ಕೇಳಿ. ಮಕ್ಕಳನ್ನು ನೋಡಿಕೊಳ್ಳಲು ಅವರಿದ್ದಾರೆ ಎಂದು ಲೆಕ್ಕ ಹಾಕಿಕೊಂಡು ಹೊರಡುವುದು ಅವರಿಗೆ ಅನ್ಯಾಯ. ಬೆಳಗಿನ ತಂಪಿನಲ್ಲಿ ನಿಮ್ಮ ಯಜಮಾನರು ಅವರನ್ನು ಕೃಷ್ಣಮಠಕ್ಕೆ ಕರೆದೊಯ್ದು, ನವಗ್ರಹ ಕಿಂಡಿಯಲ್ಲಿ ನಿಧಾನವಾಗಿ ದರ್ಶನ ಮಾಡಿಸಲಿ, ಆ ಹೊತ್ತಿಗೆ ನೀವು ಮಕ್ಕಳೊಂದಿಗೆ ಕೋಣೆಯಲ್ಲಿರಿ. ಎಲ್ಲರೂ ಎಲ್ಲ ಕಡೆಗೂ ಒಟ್ಟಾಗಿಯೇ ಹೋಗಬೇಕೆಂಬ ಹಟವನ್ನು ಬಿಟ್ಟರೆ ಸಾಲಿನಲ್ಲಿ ನಿಂತು ರಚ್ಚೆ ಹಿಡಿಯುವ ಮಗುವೂ ಇರುವುದಿಲ್ಲ, ಅರೆಮನಸ್ಸಿನ ದರ್ಶನವೂ ಇರುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಒಂದಲ್ಲ ಒಂದು ಸಂಜೆ ಮಗಳು ಮರಳಿನ ಮೇಲೆ ಬಿದ್ದು ಹೊರಳಾಡಬಹುದು. ಆಗ ಬುದ್ಧಿವಾದ ಬೇಡ, ಸುತ್ತಲಿನವರ ನೋಟದ ಚಿಂತೆಯೂ ಬೇಡ. ನೆರಳಿಗೆ ಎತ್ತಿಕೊಂಡು ಹೋಗಿ, ನೀರು ಕುಡಿಸಿ, ದನಿ ತಗ್ಗಿಸಿ ಪಕ್ಕದಲ್ಲಿ ಕುಳಿತಿರಿ. ಅಳು ಇಳಿದ ಮೇಲೆ ಅಂದಿನ ಕಾರ್ಯಕ್ರಮ ಮುಗಿಯಿತೆಂದು ಕೋಣೆಗೆ ಮರಳಿ. ನಾಲ್ಕನೆಯ ದಿನದ ಮಾರನೆಯ ಬೆಳಗ್ಗೆಯೇ ಕಚೇರಿಗೆ ಹೋಗುವಂತೆ ಟಿಕೆಟ್ ಮಾಡಿಸದೆ, ಒಂದು ದಿನ ಮನೆಯಲ್ಲಿ ಉಳಿಯುವಂತೆ ನೋಡಿಕೊಳ್ಳಿ.

ಶೃಂಗೇರಿಯನ್ನು ದಸರಾ ರಜೆಗೆ ಇಟ್ಟುಕೊಳ್ಳಿ. ಹೊರನಾಡು ಆ ಪಟ್ಟಿಯಲ್ಲಿರದಿರಲಿ. ಬೆಳಗ್ಗೆ ಎರಡು ಪೊಟ್ಟಣ ಮಂಡಕ್ಕಿ ಕೊಂಡು ಅದೇ ಮೆಟ್ಟಿಲ ಮೇಲೆ ಮಗಳ ಕೈಹಿಡಿದು ಕುಳಿತುಕೊಳ್ಳಿ, ಮತ್ತು ಈ ಬಾರಿ "ಹೋಗೋಣ" ಎಂಬ ಮಾತು ಅವಳಿಂದಲೇ ಬರಲಿ.