ಹಸಿರು ಬಣ್ಣದ ಮಾರ್ಫಿನ್ ನಂಬಬಹುದಾ?

ಪ್ರಶ್ನೆ: ಮೇಡಂ, ನನ್ನ ತಮ್ಮ ಉಗಾಂಡಾದ ಕಂಪಾಲಾದಲ್ಲಿದಾನೆ. ಅವನ ಆಫೀಸ್ ಡ್ರೈವರ್ ತಾಯಿಗೆ ಕ್ಯಾನ್ಸರ್, ನೋವಿಗೆ ಅಂತ ಹಸಿರು ನೀರಿನ ಥರ ಮಾರ್ಫಿನ್ ಕೊಟ್ಟಿದಾರಂತೆ. ಪುಡಿಗೆ ನೀರು ಬೆರೆಸಿ ಅಲ್ಲೇ ಮಾಡೋದಂತೆ. ಇದನ್ನ ನಂಬಬಹುದಾ? ಚಟ ಹತ್ತಲ್ವಾ?
– ಓದುಗರು, ಶಿವಮೊಗ್ಗ

ಉತ್ತರ: ಆಸ್ಪತ್ರೆಯಿಂದ ಬಂದ ಬಾಟಲಿ ಆದ್ರೆ ಧೈರ್ಯವಾಗಿ ನಂಬಬಹುದು. ಡಾ. ಆನ್ ಮೆರಿಮನ್ ಅಲ್ಲಿ 1993ರಲ್ಲಿ ಹಾಸ್ಪಿಸ್ ಆಫ್ರಿಕಾ ಉಗಾಂಡಾ ಅನ್ನೋ, ಗುಣವಾಗದ ಕಾಯಿಲೆಯವರ ನೋವು ಕಮ್ಮಿ ಮಾಡೋ ಸಂಸ್ಥೆ ಶುರು ಮಾಡಿದಾಗಿನಿಂದ ಇದೇ ಪದ್ಧತಿ, ಮಾರ್ಫಿನ್ ಪುಡಿ ತರಿಸಿ ಶುದ್ಧ ನೀರಲ್ಲಿ ಕರಗಿಸಿ, ಕೆಡದ ಹಾಗೆ ಪ್ರಿಸರ್ವೇಟಿವ್ ಹಾಕಿ ಬಾಟಲಿಗೆ ತುಂಬೋದು, ಮಾತ್ರೆಗಿಂತ ಎಷ್ಟೋ ಅಗ್ಗ ಬೀಳುತ್ತೆ, ಮಾತ್ರೆ ನುಂಗೋಕಾಗದೆ ಇರೋರೂ ಕುಡೀಬಹುದು. ಈಗ ಸರ್ಕಾರವೇ ರೋಗಿಗಳಿಗೆ ಫ್ರೀಯಾಗಿ ಕೊಡುತ್ತೆ. 2004ರಿಂದ ತರಬೇತಿ ಪಡೆದ ನರ್ಸ್‌ಗಳೂ ಬರೆದುಕೊಡಬಹುದು. ಡಾಕ್ಟರೇ ಸಿಗದ ಹಳ್ಳಿಗಳಿಗೆ ಇದು ಎಂಥ ದೊಡ್ಡ ಉಪಕಾರ ನೋಡಿ!

ಬಣ್ಣ ಚೆಂದಕ್ಕಲ್ಲ. ಹಸಿರು ಅಂದ್ರೆ ಕಡಿಮೆ ಪವರ್, 5 ಎಂಎಲ್‌ಗೆ 5 ಮಿಲಿಗ್ರಾಂ, ಅಂದ್ರೆ ಒಂದು ಲೀಟರಿಗೆ ಬರೀ 1 ಗ್ರಾಂ ಪುಡಿ. ನೀಲಿಯಲ್ಲಿ 5 ಎಂಎಲ್‌ಗೆ 100 ಮಿಲಿಗ್ರಾಂ, ಲೀಟರಿಗೆ 20 ಗ್ರಾಂ. ಬಣ್ಣ ಹಾಕದಿದ್ರೆ ಎರಡೂ ನೋಡೋಕೆ ಒಂದೇ, ಬದಲಾದ್ರೆ ಜೀವಕ್ಕೇ ಅಪಾಯ. ಅದಕ್ಕೇ ಫಾರ್ಮಸಿಸ್ಟ್ ತೂಕದ ಯಂತ್ರ ಸರಿ ಇರಬೇಕು, ತೂಗಿದ್ದನ್ನ ಇನ್ನೊಬ್ಬರು ನೋಡಬೇಕು, ಲೇಬಲ್ ಮೇಲೆ ಪವರ್ರು, ಮಾಡಿದ ದಿನ, ಮುಗಿಯೋ ದಿನ ಇರಲೇಬೇಕು. ಲೇಬಲ್ ಇಲ್ಲದ ಬಾಟಲಿ ಆದ್ರೆ ಬಳಸೋದೇ ಬೇಡ, ವಾಪಸ್ ಕೊಟ್ಟು ಕೇಳೋಕೆ ಹೇಳಿ.

ಚಟದ ಭಯದಿಂದ ಔಷಧಿ ನಿಲ್ಲಿಸಿ ಆ ತಾಯಿನ ನರಳಿಸಬೇಡಿ. ಕ್ಯಾನ್ಸರ್ ನೋವಿಗೆ ಹೇಳಿದ ಡೋಸಲ್ಲಿ ತಗೊಂಡೋರಿಗೆ ಚಟ ಹತ್ತೋದು ತೀರಾ ಅಪರೂಪ. ನೋವು ಬರ್ಲಿ ಅಂತ ಕಾಯಬಾರದು, ಸಾಮಾನ್ಯವಾಗಿ 4 ಗಂಟೆಗೊಮ್ಮೆ ಕೊಡ್ತಾರೆ. ಅಡುಗೆಮನೆ ಚಮಚ ಬೇಡ, ಅಳತೆ ಸಿರಿಂಜಲ್ಲೇ ಕೊಡಲಿ. ಮಲಬದ್ಧತೆ ಹೆಚ್ಚುಕಮ್ಮಿ ಎಲ್ಲರಿಗೂ ಆಗುತ್ತೆ, ಮೊದಲ ದಿನದಿಂದಲೇ ಅದಕ್ಕೂ ಔಷಧಿ ಕೇಳಿ ತಗೊಳ್ಳಲಿ. ವಿಪರೀತ ಮಂಪರು ಬಂದ್ರೆ, ಉಸಿರು ನಿಧಾನ ಆದ್ರೆ ತಕ್ಷಣ ಆಸ್ಪತ್ರೆಗೆ ಕರ್ಕೊಂಡು ಹೋಗಬೇಕು.

ನಮ್ಮಲ್ಲಿ ಹೆಚ್ಚಾಗಿ ಸಿಗೋದು ಮಾತ್ರೆ. ಮಾರ್ಫಿನ್ ತಯಾರಾಗೋದು ಅಫೀಮಿನಿಂದ, ಅದನ್ನ ಕಾನೂನುಬದ್ಧವಾಗಿ ಬೆಳೆಯೋ ದೇಶ ನಮ್ಮದು, 2014ರಲ್ಲಿ ಮಾದಕವಸ್ತು ಕಾನೂನೂ ಸಡಿಲ ಆಯ್ತು, ಆದ್ರೂ ನಮ್ಮ ಎಷ್ಟೋ ಊರಲ್ಲಿ ರೋಗಿಗೆ ಮಾರ್ಫಿನ್ ಸಿಗಲ್ಲ ಅನ್ನೋದು ನಂಗೆ ನಿಜವಾಗ್ಲೂ ಸಂಕಟ. ನಿಮ್ಮ ಕಡೆ ಯಾರಿಗಾದ್ರೂ ಬೇಕಾದ್ರೆ ಮೆಡಿಕಲ್ ಶಾಪ್ ಅಲೆಯೋದು ಬಿಟ್ಟು, ಪ್ಯಾಲಿಯೇಟಿವ್ ಕೇರ್ (ದೊಡ್ಡ ಕಾಯಿಲೆಯವರ ನೋವು, ಸಂಕಟ ಕಮ್ಮಿ ಮಾಡೋ ಆರೈಕೆ) ವಿಭಾಗ ಇರೋ ಆಸ್ಪತ್ರೆಯಲ್ಲಿ ವಿಚಾರಿಸಿ.